ಎಳೆಯ ಹಲ್ಲಿಗೂ ಬಲಿತ ಹಲ್ಲಿಗೂ ಸಾಲು ಕಲಿಸಿದ ಪಂಚಾಕ್ಷರಯ್ಯನವರು

ಹಲ್ಲು ನೋಯುತ್ತಿದ್ದರೆ ಕೀಳಿಸುವುದು, ಕಿತ್ತ ಮೇಲೆ ಕಟ್ಟಿಸಿಕೊಳ್ಳುವುದು, ದಂತವೈದ್ಯವೆಂದರೆ ಇಷ್ಟೇ ಎಂದು ನಮ್ಮೂರಿನ ಜನ ನಂಬಿದ್ದ ಕಾಲದಲ್ಲಿ, ಅಡ್ಡಾದಿಡ್ಡಿ ಬೆಳೆದ ಹಲ್ಲುಗಳನ್ನು ಬೇರುಸಹಿತ ಅವುಗಳ ಜಾಗಕ್ಕೆ ಸರಿಸಬಹುದೆಂದು ಚಾಮರಾಜಪೇಟೆಯ ಮನೆಮನೆಗೂ ಮನಗಾಣಿಸಿದವರು ಡಾ. ಪಂಚಾಕ್ಷರಯ್ಯನವರು. ಸರ್ಕಾರಿ ಆಸ್ಪತ್ರೆಯ ದಂತವಿಭಾಗದಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿ, ಸಂಜೆಯ ಹೊತ್ತು ಮನೆಯ ಮುಂದಿನ ಕೋಣೆಯಲ್ಲೂ ರೋಗಿಗಳನ್ನು ನೋಡುತ್ತ ಬಂದ ಅವರು ಈ ವರ್ಷ ನಿವೃತ್ತರಾಗುತ್ತಿದ್ದಾರೆ. ಅವರ ಕೈಗುಣವನ್ನು ಬಲ್ಲವರು ಬಹಳ ಮಂದಿ. ಮನಸ್ಸಿನ ಗುಣವನ್ನು ತೋರುವ ಒಂದು ಪ್ರಸಂಗವನ್ನು, ಅದರಲ್ಲಿ ಭಾಗಿಯಾದ ಮಹಾನಂದಳ ಒಪ್ಪಿಗೆ ಪಡೆದು, ಇಲ್ಲಿ ನಿವೇದಿಸಿದೆ.

ಮಹಾನಂದ ಬಳೇಪೇಟೆಯ ಬಳೆ ವ್ಯಾಪಾರಿ ನಂಜುಂಡಯ್ಯನವರ ಹಿರಿಯ ಮಗಳು. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಮೇಲಿನ ಹಲ್ಲುಗಳು ಮುಂದಕ್ಕೆ ಚಾಚಿದ್ದರಿಂದ ತುಟಿ ಸೇರುತ್ತಿರಲಿಲ್ಲ. ಪಾಠ ಹೇಳುವಾಗ ‘ಪ’, ‘ಬ’, ‘ಮ’ ಬಂದಲ್ಲೆಲ್ಲ ಆಕೆ ತಡವರಿಸುವುದನ್ನು ಹಿಂದಿನ ಬೆಂಚಿನ ಹುಡುಗಿಯರು ಅಣಕಿಸುತ್ತಿದ್ದರು. ೧೯೪೯ರಲ್ಲಿ ನಂಜುಂಡಯ್ಯನವರು ಡಾಕ್ಟರ ಬಳಿ ಕರೆದೊಯ್ದದ್ದು ಮಾತ್ರ ಹನ್ನೊಂದು ವರ್ಷದ ಕಿರಿಯ ಮಗಳು ಶೈಲಜಳನ್ನು. ಮಹಾನಂದ ತಂಗಿಯ ಜೊತೆಗೆ ಹೋಗಿದ್ದಳು, ಅಷ್ಟೆ.

“ಇದು ಬರೀ ಚೆಂದಕ್ಕಲ್ಲ ನಂಜುಂಡಯ್ಯನೋರೆ,” ಎಂದರು ಡಾಕ್ಟರು. “ಹಲ್ಲು ಒಂದರ ಮೇಲೊಂದು ಕೂತಿದ್ರೆ ಸಂದಿ ಶುದ್ಧವಾಗಲ್ಲ. ಹುಳುಕು ಹಿಡಿಯುತ್ತೆ, ವಸಡು ಬಾತ್ಕೊಳ್ಳುತ್ತೆ. ಇವಳದಿನ್ನೂ ಎಳೇ ಮೂಳೆ, ಈಗ ಅಗಲ ಮಾಡಿದ್ರೆ ಹೇಳಿದ ಮಾತು ಕೇಳುತ್ತೆ.”

ಶೈಲಜಳ ಅಂಗುಳಕ್ಕೆ ಒಂದು ಪ್ಲೇಟು ಸಿದ್ಧವಾಯಿತು. ಅದರ ನಡುವೆ ಪುಟ್ಟ ತಿರುಪು. ವಾರಕ್ಕೊಮ್ಮೆ ತಂತಿಯ ಕೀಲಿಯಿಂದ ಅದನ್ನು ಒಂದಿಷ್ಟು ತಿರುಗಿಸಿದರೆ ದವಡೆ ಮೆಲ್ಲಗೆ ಅಗಲವಾಗಿ ಹಲ್ಲುಗಳಿಗೆ ಜಾಗ ಸಿಗುತ್ತಿತ್ತು. ಓದಿದವಳೆಂದು ಕೀಲಿಯನ್ನು ಮಹಾನಂದಳ ಕೈಗೇ ಕೊಟ್ಟರು.

ಮೊದಮೊದಲು ಆಕೆ ಶ್ರದ್ಧೆಯಿಂದಲೇ ತಿರುಗಿಸಿದಳು. ಶೈಲಜಳ ಮುಂದಿನ ಹಲ್ಲು ಕಣ್ಣೆದುರಿಗೇ ಸಾಲಿಗೆ ಬರತೊಡಗಿದಾಗ ಹೊಟ್ಟೆಯೊಳಗೆ ಏನೋ ಉರಿಯಿತು. ತಂಗಿ ಕನ್ನಡಿಯ ಮುಂದೆ ನಿಂತು ನಗುವಳು, ಅಪ್ಪ, “ನೋಡು, ನನ್ನ ಮಗಳು ಹೆಂಗೆ ಹೊಳೀತಾಳೆ!” ಎನ್ನುವರು. ಆ ವಾರ ಮಹಾನಂದ ಕೀಲಿಯನ್ನು ತೂತಿಗಿಟ್ಟು, ತಿರುಗಿಸದೆ ತೆಗೆದಳು. ಮುಂದಿನ ವಾರವೂ ಹಾಗೆಯೇ ಮಾಡಿದಳು. ತಿಂಗಳುಗಳು ಕಳೆದವು, ಹಲ್ಲು ನಿಂತಲ್ಲೇ ನಿಂತವು. ಪ್ಲೇಟನ್ನು ತೆಗೆದಿಟ್ಟು ಆಡಲು ಹೋಗುತ್ತಾಳೆಂದು ಶೈಲಜಳಿಗೆ ದಿನವೂ ಬೈಗುಳ. ಕೊನೆಗೆ ನಂಜುಂಡಯ್ಯನವರು ರೇಗಿ ಎಲ್ಲರನ್ನೂ ಡಾಕ್ಟರ ಬಳಿಗೆ ಹೊರಡಿಸಿದರು.

“ಸಾಕು ಡಾಕ್ಟ್ರೇ, ಅಡ್ಡ ಬಂದಿರೋದನ್ನೆಲ್ಲ ಕಿತ್ತಾಕ್ಬಿಡಿ!”

“ನಾನು ತೆಗೆದೇ ಇಲ್ಲ,” ಎಂದು ಶೈಲಜ ಅತ್ತಳು. “ಅಕ್ಕನ್ನೇ ಕೇಳಿ. ವಾರವಾರ ಅವಳೇ ತಿರುಗಿಸ್ತಾಳೆ.”

ಪಂಚಾಕ್ಷರಯ್ಯನವರು ಪ್ಲೇಟನ್ನು ಬೆಳಕಿಗೆ ಹಿಡಿದು ತಿರುಪು ನೋಡಿದರು, ಅದು ತಿರುಗಬೇಕಾದಷ್ಟು ತಿರುಗಿರಲಿಲ್ಲ. ನಂಜುಂಡಯ್ಯನವರಿಗೂ ಶೈಲಜಳಿಗೂ ಹೊರಗೆ ಜಗಲಿಯ ಮೇಲೆ ಕೂರುವಂತೆ ಹೇಳಿ, ಮಹಾನಂದಳ ಕಡೆಗೆ ತಿರುಗಿದರು.

“ತಿರುಪು ಬಿಗಿಯಾಗಿತ್ತೇನಮ್ಮ?”

ಹೌದೆಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

“ಇಲ್ಲ. ನಾನೇ ತಿರುಗಿಸ್ಲಿಲ್ಲ. ಅವಳದು ಸರಿಹೋಗೋದು ನನಗೆ ನೋಡೋಕಾಗ್ಲಿಲ್ಲ.”

ಡಾಕ್ಟರು ಗದರಲಿಲ್ಲ, ಉಪದೇಶಿಸಲೂ ಇಲ್ಲ. ಖಾಲಿ ಕುರ್ಚಿ ತೋರಿಸಿ, “ಕೂತ್ಕೊಳ್ಳಿ, ನಿಮ್ಮ ಬಾಯಿ ನೋಡೋಣ,” ಎಂದರು.

“ನನಗೆ ಇಪ್ಪತ್ತಾರು.”

“ಅದಕ್ಕೇನಂತೆ? ಬೆಳೆದೋರಿಗೂ ಹಲ್ಲು ಸರಿಯುತ್ತೆ. ಎಳೇ ಮೂಳೆಯಷ್ಟು ಬೇಗ ಅಲ್ಲ. ಮೊದಲು ವಸಡು ವಾಸಿಯಾಗ್ಬೇಕು. ಎರಡು ಹಲ್ಲು ತೆಗೆದು ಜಾಗ ಮಾಡಿ, ತಂತಿ ಕಟ್ಟಿ, ಹಿಂದಕ್ಕೆ ಎಳೀಬೇಕು. ಸರಿಹೋದ್ಮೇಲೂ ಪ್ಲೇಟ್ ಹಾಕ್ಕೊಂಡಿರ್ಬೇಕು, ಇಲ್ದಿದ್ರೆ ಹಳೇ ಜಾಗಕ್ಕೇ ಹೊರಡುತ್ತೆ. ತಾಳ್ಮೆ ಇದೆಯಾ?”

ಮಹಾನಂದ ತಲೆಯಾಡಿಸಿದಳು.

“ಸರಿ. ತಂಗಿ ಕೀಲಿ ನಿಮ್ಮ ಹತ್ರಾನೇ ಇರ್ಲಿ.”

ಹೊರಗೆ ಬಂದ ಡಾಕ್ಟರು ನಂಜುಂಡಯ್ಯನವರಿಗೆ, “ತಪ್ಪು ಮಗೂದಲ್ಲ. ಅವಳನ್ನ ಬೈಬೇಡಿ. ಇನ್ಮೇಲೆ ಸರಿಯಾಗುತ್ತೆ,” ಎಂದಷ್ಟೇ ಹೇಳಿ, ದೊಡ್ಡವಳಿಗೂ ಚಿಕಿತ್ಸೆ ಬೇಕೆಂದು ಒಪ್ಪಿಸಿಯೂಬಿಟ್ಟರು.

ಮಹಾನಂದಳ ಅಸೂಯೆ ಅಂದೇ ಕರಗಿತೆಂದರೆ ಸುಳ್ಳಾದೀತು. ತಂಗಿಯ ಪ್ಲೇಟು ಕಳಚಿದ ದಿನ ಅಕ್ಕನ ಹಲ್ಲಿಗಿನ್ನೂ ತಂತಿಯಿತ್ತು. ನೋವಿಗೆ ಗಂಜಿ ಕುಡಿಯುತ್ತ, ಎದುರಿಗೆ ಕೋಡುಬಳೆ ಕಡಿಯುತ್ತಿದ್ದ ತಂಗಿಯನ್ನು ಆಕೆ ಕಣ್ಣಲ್ಲೇ ಸುಟ್ಟಳು. ಆದರೂ ಕೀಲಿ ತಿರುಗಿಸುವುದನ್ನು ಒಂದು ವಾರವೂ ತಪ್ಪಿಸಿರಲಿಲ್ಲ. ಅವಳ ಸರದಿಯೂ ಬಂತು. ತುಟಿ ಸೇರಿತು, ಮಾತು ತಿಳಿಯಾಯಿತು. ಕೆಳಗಿನ ಒಂದು ಹಲ್ಲು ಮಾತ್ರ ಕೊಂಚ ವಾರೆಯಾಗಿ ಉಳಿಯಿತು. ಶೈಲಜಳ ಸಾಲಿನಷ್ಟು ಅಚ್ಚುಕಟ್ಟಲ್ಲವೆಂದು ಆಕೆ ಇಂದಿಗೂ ಗೊಣಗುತ್ತಾಳೆ, ಗೊಣಗುತ್ತಲೇ ನಗುತ್ತಾಳೆ.

ಈಚೆಗೆ ಡಾಕ್ಟರು ನಿವೃತ್ತರಾಗುವ ಸುದ್ದಿ ಆ ಮನೆಗೆ ಮುಟ್ಟಿದಾಗ ಎಲ್ಲರಿಗಿಂತ ಹೆಚ್ಚು ಸಿಡುಕಿದವರು ತಾಯಿ ವಿಶಾಲಾಕ್ಷಮ್ಮನವರು. “ಇಬ್ಬರೂ ಮುತ್ತಿನಂಥ ಹಲ್ಲು ಮಾಡಿಸ್ಕೊಂಡು ಮೆರೀತಿದೀರ. ನನ್ನ ಬಾಯಿ ಹಿಂಗೇ ಇರ್ಬೇಕಾ?” ಎಂದವರೇ ಸೆರಗು ಹೊದ್ದು ನೇರವಾಗಿ ಡಾಕ್ಟರ ಮನೆಗೆ ನಡೆದರು. ಐವತ್ತರ ಹತ್ತಿರವಿದ್ದ ಆಕೆಯ ವಸಡನ್ನು ಪಂಚಾಕ್ಷರಯ್ಯನವರು ಒತ್ತಿ ನೋಡಿ, “ಗಟ್ಟಿಯಾಗಿದೆ ತಾಯಿ, ಶುರುಮಾಡೋಣ,” ಎಂದರು. ಕಳೆದ ವಾರ ಆಕೆಯ ಹಲ್ಲಿಗೆ ತಂತಿ ಕಟ್ಟಿದ್ದಾಯಿತು.

ಆಸ್ಪತ್ರೆಯ ಕುರ್ಚಿಯನ್ನು ಪೂಜ್ಯರು ಬಿಟ್ಟುಕೊಟ್ಟರೂ ಮನೆಯ ಕುರ್ಚಿಯನ್ನು ಬಿಡುವಂತಿಲ್ಲ. ವಿಶಾಲಾಕ್ಷಮ್ಮನವರ ಹಲ್ಲು ಸಾಲಿಗೆ ಬರಬೇಕು, ಅವರನ್ನು ನೋಡಿ ಹೊಟ್ಟೆ ಉರಿದುಕೊಂಡ ನೆರೆಹೊರೆಯವರ ಸರದಿಯೂ ಮುಗಿಯಬೇಕು. ಅಲ್ಲಿಯವರೆಗೂ, ಅದರಾಚೆಗೂ, ಭಗವಂತನು ಅವರಿಗೆ ಆಯುರಾರೋಗ್ಯವನ್ನೂ ನಡುಗದ ಕೈಯನ್ನೂ ಕರುಣಿಸಲಿ.