ಅವ್ವ ತೊಳೆದಿಟ್ಟ ಸಮುದ್ರ

ಕೊಡ್ಲಿಪೇಟೆಗೆ ನಾನು ಸಮುದ್ರ ತಂದಿದ್ದೆ. ಎರಡು ಬಾಟಲಿಯಲ್ಲಿ, ಬಸ್ಸಿನುದ್ದಕ್ಕೂ ತೊಡೆಯ ಮೇಲೆ ಕೂರಿಸಿಕೊಂಡು. ಮಂಗಳೂರಿನ ನಮ್ಮ ಲ್ಯಾಬಿನಲ್ಲಿ ಎಸಿ ಕೆಟ್ಟು, ನಾನು ಸಾಕಿದ್ದ ಬ್ಯಾಕ್ಟೀರಿಯಾಗಳೆಲ್ಲ ಸೆಕೆಗೆ ಬೆಂದುಹೋಗಿ ಈ ಎರಡೇ ಉಳಿದಿದ್ದವು. ಇವೂ ಹೋದರೆ ನನ್ನ ಪಿಎಚ್‌ಡಿಗೆ ಎಳ್ಳುನೀರು. ರಿಪೇರಿ ಆಗುವ ತನಕ ನಮ್ಮೂರಿನ ತಂಪಿನಲ್ಲಿರಲಿ ಎಂದು ತಂದೆ.

"ಏನೇ ಇದು, ಪಾಚಿ ನೀರು?" ಎಂದಳು ಅವ್ವ.

ಅಷ್ಟು ಕೇಳಿದ್ದೇ ತಡ, ನನ್ನ ಬಾಯಿಗೆ ಬೀಗವಿಲ್ಲ. ಗಿಡದ ಹಾಗೆ ಬೆಳಕು ಉಂಡು ಬದುಕುವ ಬ್ಯಾಕ್ಟೀರಿಯಾ ಇವು, ಒಂದು ಚಮಚ ಕಡಲ ನೀರಿನಲ್ಲಿ ಲಕ್ಷಗಟ್ಟಲೆ ಇರುತ್ತವೆ, ನಾವು ಎಳೆಯುವ ಉಸಿರಿನಲ್ಲಿ ಇವುಗಳ ಪಾಲೂ ಇದೆ ಎಂದೆಲ್ಲ ಒದರಿದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎಲ್ಲವೂ ಒಂದೇ ಥರದ ಚುಕ್ಕಿ. ಜೀನ್ ಓದಿದರೆ ಗುಟ್ಟು ರಟ್ಟು! ಒಂದರಲ್ಲಿರುವುದು ಇನ್ನೊಂದರಲ್ಲಿಲ್ಲ. ಮದುವೆ ಮನೆಯಲ್ಲಿ ಸಾಲಾಗಿ ಕೂತ ನಮ್ಮ ದೊಡ್ಡಪ್ಪನ ಮಕ್ಕಳಂತೆ, ಮೂಗು ಒಂದೇ, ಗುಣ ಬೇರೆ ಬೇರೆ. ಒಂದು ಬಾಟಲಿಯದು ಅಲೆಯ ಮೇಲಿನದು, ಬಿಸಿಲು ಬೇಕು. ಇನ್ನೊಂದು ಬೆಳಕು ಮಸುಕಾಗುವ ಆಳದ್ದು, ಬಿಸಿಲು ತಾಗಿದರೆ ಕಥೆ ಮುಗಿಯಿತು.

ಅವ್ವ ಮನೆಯಲ್ಲೇ ವೈನ್ ಮಾಡುತ್ತಾಳೆ. ನೆಲ್ಲಿಕಾಯಿ, ಶುಂಠಿ, ದ್ರಾಕ್ಷಿ, ಕೈಗೆ ಸಿಕ್ಕಿದ್ದೆಲ್ಲ ವೈನೇ. ಮನೆಗೆ ಬಂದ ಯಾವ ಬಾಟಲಿಯೂ ಚೀಟಿ ಸಮೇತ ಉಳಿದದ್ದಿಲ್ಲ. ನೆನೆಹಾಕಿ, ಕೆರೆದು, ಬೂದಿ ಹಾಕಿ ತಿಕ್ಕುವುದು ಅವಳ ಕೈಗೆ ಅಂಟಿದ ಚಾಳಿ. ಮರುದಿನ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನನ್ನ ಸಮುದ್ರಗಳೆರಡೂ ಅಡುಗೆಮನೆ ಕಟ್ಟೆಯ ಮೇಲೆ ಮದುಮಕ್ಕಳ ಹಾಗೆ ಹೊಳೆಯುತ್ತಿದ್ದವು. ನಾನು ಹೆಸರು ಬರೆದು ಅಂಟಿಸಿದ್ದ ಚೀಟಿ ಒಂದರ ಮೇಲೂ ಇಲ್ಲ.

"ಮುಚ್ಳ ಮುಟ್ಟಿಲ್ಲ ಕಣೆ! ಹೊರಗೆ ಮಾತ್ರ ತೊಳ್ದೆ. ಗಲೀಜಾಗಿದ್ವು."

"ಅವ್ವಾ, ಬಿಸ್ಲಿಂದು ಯಾವ್ದು, ಆಳದ್ದು ಯಾವ್ದು ಅಂತ ಈಗ ಹೆಂಗೆ ಹೇಳ್ಲಿ?"

ಅವ್ವನ ಮುಖ ಸಣ್ಣಗಾಯಿತು. ನನಗೋ ಅಳು ಬರಬೇಕಾದಲ್ಲಿ ನಗು ಬಂತು. ಬೂದಿ ಹಾಕಿ ತಿಕ್ಕಿಸಿಕೊಂಡ ಸಮುದ್ರ ಜಗತ್ತಿನಲ್ಲಿ ಬೇರೆ ಎಲ್ಲಿದೆ! ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವ್ವ ನಗಲಿಲ್ಲ.

ಆಮೇಲೆ ಕುಕ್ಕರಿನಲ್ಲಿ ಸಣ್ಣ ಬಾಟಲಿಗಳನ್ನು ಬೇಯಿಸಿ, ಆರಿಸಿ, ಬೇರೆ ಕ್ರಿಮಿ ಸೇರದಂತೆ ಗ್ಯಾಸಿನ ಉರಿಯ ಪಕ್ಕದಲ್ಲೇ ಎರಡೂ ಸಮುದ್ರಗಳನ್ನು ಅರ್ಧರ್ಧ ಮಾಡಿದೆ. ಒಂದರ ಜೋಡಿಯ ಕೊರಳಿಗೆ ಕೆಂಪು ದಾರ, ಇನ್ನೊಂದರ ಜೋಡಿಗೆ ಹಳದಿ. ಪ್ರತಿ ಜೋಡಿಯಲ್ಲಿ ಒಂದು ಕಿಟಕಿಯ ಬಿಸಿಲಿಗೆ, ಇನ್ನೊಂದು ಒಳಕೋಣೆಯ ಮಬ್ಬಿಗೆ. ಬಿಸಿಲಿನಲ್ಲಿ ಯಾವ ಬಣ್ಣದ ದಾರದ್ದು ಬಿಳಚಿಕೊಳ್ಳುತ್ತದೋ ಅದೇ ಆಳದ್ದು. ಆದರೆ ಒಳಗಿನ ಅದರ ಅರ್ಧ ಬದುಕಿರಬೇಕಲ್ಲ!

ಆ ದಿನಗಳಲ್ಲಿ ನನಗೆ ಹುಚ್ಚೇ ಹಿಡಿದಿತ್ತು. ಹಲ್ಲುಜ್ಜುತ್ತ ಕಿಟಕಿಗೆ ಓಡುವುದು, ರೊಟ್ಟಿ ಕಚ್ಚಿಕೊಂಡು ಕೋಣೆಗೆ ಓಡುವುದು. ಹಸಿರು ಇಷ್ಟೇ ಇಷ್ಟು ಹೆಚ್ಚಾದಂತೆ ಕಂಡರೂ ಕುಣಿಯುತ್ತಿದ್ದೆ. ಅವ್ವ ಮಾತ್ರ ಬಾಟಲಿಗಳ ಹತ್ತಿರವೂ ಸುಳಿಯಲಿಲ್ಲ. ವೈನಿನ ಭರಣಿಯನ್ನೂ ಮುಟ್ಟಲಿಲ್ಲ.

ಒಂದು ಬೆಳಿಗ್ಗೆ ನೋಡುತ್ತೇನೆ, ಕಿಟಕಿಯಲ್ಲಿ ಕೆಂಪು ದಾರದ್ದು ಅಕ್ಕಿ ತೊಳೆದ ನೀರಿನ ಹಾಗೆ ಬಿಳಚಿದೆ! ಕೋಣೆಗೆ ಓಡಿದೆ. ಮಬ್ಬಿನಲ್ಲಿ ಅದರ ಜೋಡಿ ಹಸಿರೋ ಹಸಿರು. "ಸಿಕ್ತು! ಸಿಕ್ತು!" ಎಂದು ಕಿರುಚಿಕೊಂಡು, ಅವ್ವನಿಗೆ ತೋರಿಸಲು ಅದನ್ನು ಎತ್ತಿಕೊಂಡು ಅಂಗಳಕ್ಕೇ ಹಾರಿದೆ.

ಅವ್ವ ಕೈಯಿಂದ ಕಿತ್ತುಕೊಂಡಳು. "ಬಿಸ್ಲಿಗೆ ತರ್ತೀಯಲ್ಲೇ, ಬುದ್ಧಿ ಐತಾ ನಿಂಗೆ!"

ಬಾಟಲಿಗೆ ಸೆರಗು ಮುಚ್ಚಿ ಒಳಗೆ ನಡೆದೇಬಿಟ್ಟಳು. ನಾನು ಹಿಂದೆಯೇ ಹೋದೆ. ಕೋಣೆಯ ಮೂಲೆಯಲ್ಲಿ ಬಾಟಲಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

"ಬದುಕೈತಾ?"

"ಬದುಕೈತೆ ಅವ್ವ."

"ನಿನ್ನ ಓದು ನನ್ ಕೈಯಾರೆ ತೊಳ್ದುಬಿಟ್ಟೆ ಅಂತಿದ್ದೆ ಕಣೆ," ಎಂದವಳು, ಬಾಟಲಿ ಕೆಳಗಿಡದೆ ಗಟ್ಟಿಯಾಗಿ ಅತ್ತುಬಿಟ್ಟಳು.