ಒಂದು ಕಾರ್ಡಿಗೆ ಒಬ್ಬ ಮನುಷ್ಯ

ಇದನ್ನು ಬರೆಯಬೇಕೆಂದು ಎಷ್ಟು ಸಲ ಕೂತು ಎದ್ದಿದ್ದೇನೋ. ಮೊದಲು ಕೈ ನೋವು ಎಂದೆ. ಬಲಗೈ ಮುರಿದು ಕೂಡಿಸಿದ್ದು ನಿಜ. ಆದರೆ ಮೊಮ್ಮಗಳ ಮದುವೆ ಪತ್ರಿಕೆಗಳ ಮೇಲೆ ಎಡಗೈಯಲ್ಲೇ ಹೆಸರು ಬರೆದವನು ನಾನು. ಆಮೇಲೆ ಹಬ್ಬ ಕಳೆಯಲಿ ಎಂದೆ, ರಾಗಿ ಒಕ್ಕಣೆ ಮುಗಿಯಲಿ ಎಂದೆ. ಹೊಡೆದದ್ದನ್ನು ಹೇಳಲು ನನಗೆ ಅಷ್ಟು ಕಷ್ಟವಿಲ್ಲ, ಊರಿಗೆಲ್ಲ ಗೊತ್ತಿದೆ. ಹೇಳದೆ ಉಳಿಸಿಕೊಂಡದ್ದು ಒಂದು ಸುಳ್ಳು.

ನಮ್ಮ ಅನುಗೊಂಡನಹಳ್ಳಿ ಕಡೆ ರಾಗಿ ಹೊಲಗಳಿದ್ದ ಜಾಗದಲ್ಲಿ ಒಂದು ದೊಡ್ಡ ಕಂಪನಿಯ ಗೋಡೌನು ಎದ್ದಿತ್ತು. ಜನ ಫೋನಿನಲ್ಲಿ ಒತ್ತಿ ತರಿಸಿಕೊಳ್ಳುವ ಸಾಮಾನೆಲ್ಲ ಅಲ್ಲಿಂದ ಹೋಗುತ್ತಿತ್ತು. ಅಲ್ಲಿ ನಾನು ಸೆಕ್ಯುರಿಟಿ ಸೂಪರ್‌ವೈಸರ್. ಓದಿದ್ದು ಎಸ್ಸೆಸ್ಸೆಲ್ಸಿ. ಕೆಲಸ ಸಿಕ್ಕಿದ್ದು ಅದರಿಂದಲ್ಲ, ಹೊಡೆಯುವ ನನ್ನ ಕೈಯಿಂದ. ಅದಕ್ಕೂ ಮುಂಚೆ ಇಟ್ಟಿಗೆ ಗೂಡಿನಲ್ಲಿ ಮೇಸ್ತ್ರಿಯಾಗಿದ್ದಾಗ ಒಬ್ಬನ ದವಡೆ ಮುರಿದಿದ್ದೆ. ಗೋಡೌನಿಗೆ ಸೇರಿದ ಮೊದಲ ವಾರವೇ, ಗೇಟಿನಲ್ಲಿ ಉಗುಳಿದ ಲಾರಿ ಕ್ಲೀನರನ ಕೆನ್ನೆಗೆ ಬಾರಿಸಿದೆ. ಅವನ ಕಿವಿಯಿಂದ ರಕ್ತ ಬಂತು. ಗಾಜಿನ ಹಿಂದೆ ನಿಂತು ನೋಡಿದ ಮ್ಯಾನೇಜರು ಆಮೇಲೆ ನನ್ನ ಭುಜ ತಟ್ಟಿ, "ಇಂಥೋರೇ ಬೇಕು ಗುರು ನಮ್ಗೆ" ಅಂದರು. ಹೆಂಡತಿ ಮಕ್ಕಳಿಗೂ ನನ್ನ ಕೈಯ ಪರಿಚಯವಿತ್ತು. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅವರ ಕ್ಷಮೆ ಕೇಳಿಯಾಗಿದೆ.

ಗೋಡೌನಿನಲ್ಲಿ ಪ್ರತಿಯೊಬ್ಬರ ಕತ್ತಿನಲ್ಲೂ ಒಂದು ಕಾರ್ಡು. ಒಂದೊಂದು ವಿಭಾಗದ ಬಾಗಿಲಿಗೂ ಅದನ್ನು ಮುಟ್ಟಿಸಬೇಕು. ಯಾರು ಎಲ್ಲಿ ಎಷ್ಟು ಹೊತ್ತು ಇದ್ದರೆಂದು ಕಂಪ್ಯೂಟರ್ ಬರೆದುಕೊಳ್ಳುತ್ತಿತ್ತು. ಪಾಯಿಖಾನೆ ಇದ್ದದ್ದು ಇನ್ನೊಂದು ತುದಿಯಲ್ಲಿ. ಹೋಗಿ ಬರುವಷ್ಟರಲ್ಲಿ ಹೆಸರಿನ ಮುಂದೆ ಕೆಂಪು ಗೆರೆ ಬೀಳುತ್ತಿತ್ತು. ಅದಕ್ಕೆ ಜನ ಒಂದು ದಾರಿ ಹುಡುಕಿಕೊಂಡಿದ್ದರು. ಹೋಗುವವರು ತಮ್ಮ ಕಾರ್ಡನ್ನು ಪಕ್ಕದವರ ಕತ್ತಿಗೆ ಹಾಕಿ ಹೋಗುವುದು, ಅವರು ಎರಡನ್ನೂ ಮುಟ್ಟಿಸುವುದು, ಬಾಗಿಲಲ್ಲಿ ನಿಂತ ನಾನು ಮುಖ ತಿರುಗಿಸುವುದು. ಬಸುರಿ ಹೆಣ್ಣುಮಗಳೊಬ್ಬಳು ಕೈ ಮುಗಿದು ಕೇಳಿದಾಗ ಒಪ್ಪಿಕೊಂಡದ್ದು, ಆಮೇಲೆ ಎಲ್ಲರ ಪದ್ಧತಿಯಾಯಿತು. ಆ ಕೆಲಸದಲ್ಲಿ ನಾನು ತೋರಿಸಿದ ದಯೆ ಅಂದರೆ ಅದೊಂದೇ.

ಸಮೇತನಹಳ್ಳಿಯ ಒಬ್ಬ ಲೋಡರು ಇದ್ದ. ಮೂವತ್ತೈದರ ಆಸುಪಾಸು, ಸಕ್ಕರೆ ಕಾಯಿಲೆ. ಗಂಟೆಗೆರಡು ಸಲ ಓಡಲೇಬೇಕು. ನನ್ನನ್ನು ಮಾವ ಅನ್ನುತ್ತಿದ್ದ. "ಮಾವ, ನನ್ ಕಾರ್ಡು ನನಗಿಂತ ಜಾಸ್ತಿ ಡ್ಯೂಟಿ ಮಾಡ್ತೈತೆ. ಸಂಬಳ ಅದಕ್ಕೇ ಕೊಡ್ಸ್ಬಿಡು" ಅಂತ ಎಲ್ಲರನ್ನೂ ನಗಿಸುತ್ತಿದ್ದ.

ಬೆಲೆಬಾಳುವ ಫೋನುಗಳನ್ನಿಡುವ ಜಾಲರಿ ಕೋಣೆಯಿಂದ ಪೆಟ್ಟಿಗೆಗಳು ಮಾಯವಾಗತೊಡಗಿದವು. ಕಂಪನಿಯ ಬೆಂಗಳೂರು ಆಫೀಸಿನಿಂದ ಒಬ್ಬ ಹುಡುಗಿಯನ್ನು ಕಳಿಸಿದರು. ಕತ್ತಿನ ಕಾರ್ಡಿನಲ್ಲಿ ಡೇಟಾ ಸೈಂಟಿಸ್ಟ್ ಎಂದಿತ್ತು. ನನ್ನ ಕ್ಯಾಬಿನ್ನಿನಲ್ಲಿ ನನ್ನ ಕುರ್ಚಿಯ ಮೇಲೆಯೇ ಕೂತಳು.

"ಅಂಕಲ್, ನಿಮ್ ಚೇರ್ ಕಿತ್ಕೊಂಡ್ಬಿಟ್ಟೆ."

"ಕೂತ್ಕೊಳಿ ಮೇಡಂ, ನಾವು ನಿಂತೇ ಸಂಬಳ ತಗೊಳೋರು. ಈ ಡೇಟಾ ಸೈಂಟಿಸ್ಟ್ ಅಂದ್ರೇನು, ರಾಕೆಟ್ ಬಿಡೋದಾ?"

"ಇಲ್ಲ ಅಂಕಲ್, ನಿಮ್ಮಂಥೋರ ತಲೆ ತಿನ್ನೋದು. ಲೆಕ್ಕ ಕಂಪ್ಯೂಟರ್ ಮಾಡತ್ತೆ. ಆ ಲೆಕ್ಕದಲ್ಲಿರೋದು ನಿಜಾನಾ ಅಂತ ಕೇಳ್ಕೊಂಡು ಅಲೆಯೋದು ನನ್ ಕೆಲ್ಸ."

ನಿಜವಾಗಿಯೂ ಅಲೆದಳು. ಗೋಡೌನಿನ ಉದ್ದಗಲ ಹೆಜ್ಜೆ ಹಾಕಿ ಅಳೆದಳು. ಜಾಲರಿ ಕೋಣೆಯ ಬಾಗಿಲಲ್ಲಿ ಕಾರ್ಡು ಮುಟ್ಟಿಸುವ ಯಂತ್ರದ ಗಡಿಯಾರ ನಾಲ್ಕು ನಿಮಿಷ ಹಿಂದಿದೆ ಎಂದು ಕಂಡುಹಿಡಿದವಳು ಅವಳೇ. "ಇದು ಗೊತ್ತಾಗ್ದೇ ಹೋಗಿದ್ರೆ, ಒಬ್ನೇ ಒಂದೇ ಟೈಮಲ್ಲಿ ಎರಡು ಕಡೆ ಇದ್ದ ಅಂತ ಲೆಕ್ಕ ಹೇಳ್ತಿತ್ತು ಅಂಕಲ್. ಪಾಪ, ಯಾರೋ ಸುಮ್ನೆ ಸಿಕ್ಕಾಕೊಳ್ತಿದ್ರು" ಅಂದಳು. ನಾನು ತಂದ ಕಡಲೆಕಾಯಿ ಸುಲಿದು ತಿನ್ನುತ್ತಾ, ಎಲ್ಲವನ್ನೂ ಒಂದು ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಕೇಳಿದಳು: "ಅಂಕಲ್, ಕಾರ್ಡ್ ಯಾರದೋ ಅವ್ರ ಹತ್ರಾನೇ ಇರತ್ತಾ? ಯಾವಾಗ್ಲೂ? ಇದೊಂದು ತಪ್ಪಾದ್ರೆ ನಾನು ಮಾಡಿದ್ದೆಲ್ಲಾ ತಪ್ಪಾಗತ್ತೆ. ನೋಡ್ಕೊಂಡು ಹೇಳಿ."

"ಒಂದು ಕಾರ್ಡಿಗೆ ಒಬ್ಬ ಮನುಷ್ಯ ಮೇಡಂ. ಬಾಗಿಲಲ್ಲಿ ನಾನಿದೀನಲ್ಲ."

"ನೀವು ಹೇಳಿದ್ರಿ ಅಂತ ಬರ್ಕೊಳ್ಲಾ?"

"ಬರ್ಕೊಳಿ."

ನನ್ನ ಮಾತನ್ನು ಹಾಗೆಯೇ ಕನ್ನಡದಲ್ಲಿ ಬರೆದು ನನ್ನ ಕಡೆ ತಿರುಗಿಸಿ ತೋರಿಸಿದಳು. ಓದಿ ತಲೆಯಾಡಿಸಿದೆ. ಬಡವರ ಅನುಕೂಲ ತಪ್ಪಬಾರದೆಂದು ಸುಳ್ಳು ಹೇಳಿದೆ ಎಂದು ಬಹಳ ದಿನ ನನ್ನನ್ನೇ ನಂಬಿಸಿಕೊಂಡಿದ್ದೆ. ಅಲ್ಲ, ಕೆಲಸ ಹೋಗುತ್ತದೆಂಬ ಭಯ. ಅರವತ್ತು ದಾಟಿದವನಿಗೆ ಇನ್ಯಾರು ಲಾಠಿ ಕೊಡುತ್ತಾರೆ?

ಕೆಲವು ದಿನದ ಮೇಲೆ ಅವಳು ಮ್ಯಾನೇಜರ ಕೈಗೆ ಒಂದು ಹಾಳೆ ಕೊಟ್ಟಳು. ಕೆಲವರ ಕಾರ್ಡಿನ ನಂಬರುಗಳಿದ್ದವು. "ಸರ್, ಇದು ಕಳ್ಳರ ಪಟ್ಟಿ ಅಲ್ಲ. ಯಾರನ್ನ ಮೊದ್ಲು ಮಾತಾಡ್ಸಬೇಕು ಅನ್ನೋದಷ್ಟೇ. ನಾಳೆ ಬಂದು ನಾನೇ ಮಾತಾಡ್ಸ್ತೀನಿ" ಎಂದು ನನ್ನೆದುರೇ ಹೇಳಿದಳು. ಮಾರನೆಯ ಬೆಳಿಗ್ಗೆ ಅವಳ ವ್ಯಾನು ಬರುವ ಮುಂಚೆ ಮ್ಯಾನೇಜರು ಆ ಹಾಳೆ ನನ್ನ ಕೈಗಿಟ್ಟರು. "ಮೊದಲ್ನೇವನ ಬಾಯಿ ಬಿಡಿಸ್ರಿ."

ಮೊದಲ ನಂಬರು ಸಮೇತನಹಳ್ಳಿಯವನದು. ನೋಡಿದ ಕೂಡಲೇ ನನಗೆ ಅರ್ಥವಾಯಿತು. ಗೋಡೌನಿನಲ್ಲಿ ಎಲ್ಲರಿಗಿಂತ ಹೆಚ್ಚು ಕೈ ಬದಲಾಗುತ್ತಿದ್ದ ಕಾರ್ಡು ಅದು. ಫೋನು ಕದ್ದವನು ಅದನ್ನು ಹಾಕಿಕೊಂಡು ಹೋಗಿದ್ದ. ಆ ಕ್ಷಣ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಲಾಠಿ ತೆಗೆದುಕೊಂಡೆ.

ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಅದುಮಿ ಕಟ್ಟುವ ಯಂತ್ರದ ಹಿಂದೆ ಒಂದು ಕೋಣೆಯಿತ್ತು. ಯಂತ್ರದ ಸದ್ದಿಗೆ ಒಳಗಿನ ಕೂಗು ಹೊರಗೆ ಕೇಳುತ್ತಿರಲಿಲ್ಲ. ಇಬ್ಬರು ಗಾರ್ಡುಗಳು ಅವನನ್ನು ಕೆಡವಿ ಕಾಲು ಎತ್ತಿ ಹಿಡಿದರು. ಅವನು ಮೊದಲು ತಮಾಷೆ ಅಂದುಕೊಂಡ. "ಏನ್ ಮಾವ, ಪೊಲೀಸ್ ಪಿಚ್ಚರ್ ನೋಡ್ಕಂಡ್ ಬಂದ್ಯಾ?" ಅಂದ. ಅಂಗಾಲಿಗೆ ಬಾರಿಸಿದೆ. ಅವನು ಅರಚಿದ. "ಮಾವ, ಕಾರ್ಡಿನ ವಿಷ್ಯ ನಿಂಗ್ ಗೊತ್ತಲ್ಲ ಮಾವ! ನಿಂಗ್ ಗೊತ್ತಲ್ಲ!"

ಆ ಮಾತು ಗಾರ್ಡುಗಳ ಕಿವಿಗೆ ಬೀಳಬಾರದು. ಅವನು ಗೊತ್ತಲ್ಲ ಅಂದಾಗಲೆಲ್ಲ ನಾನು ಹೊಡೆದೆ. ಬಾಯಿಗೆ ಬೂಟಿನಿಂದ ಒದ್ದೆ, ಎರಡು ಹಲ್ಲು ಸಿಮೆಂಟಿನ ಮೇಲೆ ಬಿದ್ದವು. ಅಂಗಾಲಿನ ಚರ್ಮ ಒಡೆದು ಲಾಠಿಗೆ ರಕ್ತ ಅಂಟಿ ಹಿಡಿ ಜಾರತೊಡಗಿತು. ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಹೊಡೆದೆ. ಸಿಟ್ಟು ಇತ್ತೆಂದರೆ ಯಾರಾದರೂ ಒಪ್ಪಿಯಾರು. ಅವನ ಮೇಲೆ ನನಗೆ ಒಂದು ಚೂರೂ ಸಿಟ್ಟಿರಲಿಲ್ಲ.

ಬಾಗಿಲು ತಳ್ಳಿಕೊಂಡು ಆ ಹುಡುಗಿ ಬಂದಳು. ನೆಲದ ಮೇಲೆ ಅವಳ ಹಾಳೆ ರಕ್ತದಲ್ಲಿ ನೆನೆದು ಬಿದ್ದಿತ್ತು. "ಅಂಕಲ್, ಆ ಪಟ್ಟಿ ಇದಕ್ಕಲ್ಲ! ಬಿಡಿ!" ಎಂದು ಚೀರಿ ನನ್ನ ಕೈ ಹಿಡಿದಳು. ನಾನು ಅವಳನ್ನೂ ಜಾಡಿಸಿ ತಳ್ಳಿದೆ. ಕಬ್ಬಿಣದ ಚೌಕಟ್ಟಿಗೆ ಹಣೆ ಬಡಿದು ಕನ್ನಡಕ ಒಡೆಯಿತು. ಹುಬ್ಬಿನಿಂದ ರಕ್ತ ಇಳಿಯುತ್ತಿದ್ದರೂ ಅವಳು ಎದ್ದು ಹೋಗಿ ಅವನ ಕಾಲಿನ ಮೇಲೆ ಅಡ್ಡ ಬಿದ್ದಳು. ಆಗ ನಿಲ್ಲಿಸಿದೆ.

ಒಂದು ವಾರದೊಳಗೆ ನಿಜವಾದ ಕಳ್ಳ ಸಿಕ್ಕ. ಅವನ ಕತ್ತಿನಲ್ಲಿ ಎರಡು ಕಾರ್ಡುಗಳಿದ್ದವು, ಬೇರೊಬ್ಬರದು ಸೇರಿಸಿ. ಬೆಂಗಳೂರಿನಿಂದ ದೊಡ್ಡ ಅಧಿಕಾರಿಗಳು ವಿಚಾರಣೆಗೆ ಬಂದರು. ಕಾರ್ಡುಗಳು ಕೈ ಬದಲಾಗುತ್ತಿದ್ದದ್ದು ಲೆಕ್ಕದಲ್ಲಿ ಯಾಕೆ ಬರಲಿಲ್ಲ ಎಂಬುದೇ ಅವರ ಪ್ರಶ್ನೆ. ಮೇಜಿನ ಆ ಕಡೆ ಅವಳು, ಹಣೆಗೆ ಪಟ್ಟಿ. ಈ ಕಡೆ ನಾನು, ಪಕ್ಕದಲ್ಲಿ ಮ್ಯಾನೇಜರು.

ನಾನು ಹೇಳಿದೆ: "ಸಾರ್, ಕಾರ್ಡು ಕೈ ಬದಲಾಗ್ತವೆ ಅಂತ ಮೇಡಂಗೆ ಮೊದ್ಲೇ ಹೇಳಿದ್ದೆ. ಅವ್ರು ತಲೆಗೇ ಹಾಕ್ಕೊಳ್ಲಿಲ್ಲ. ಪಟ್ಟಿ ಕೊಟ್ರು, ಇವ್ನೇ ಅಂದ್ರು. ನಾವು ಓದಿಲ್ದೋರು, ನಂಬಿದ್ವಿ."

ಅವಳು ನೀಲಿ ನೋಟ್‌ಬುಕ್ ತೆರೆದು ಓದಿದಳು. ಒಂದು ಕಾರ್ಡಿಗೆ ಒಬ್ಬ ಮನುಷ್ಯ. ನನ್ನ ಕಡೆ ನೋಡಿ, "ಅಂಕಲ್, ನಿಮ್ಗೆ ತೋರ್ಸಿದ್ನಲ್ಲಾ?" ಅಂದಳು.

"ಅದು ನೀವೇ ಬರ್ಕೊಂಡಿದ್ದು ಮೇಡಂ. ನಾನು ಹೇಳಿದ್ದೇ ಬೇರೆ."

ಮ್ಯಾನೇಜರು, "ಹೌದು, ನಾನೂ ಅಲ್ಲೇ ಇದ್ದೆ" ಅಂದರು. ಅವರು ಇರಲಿಲ್ಲ. ಅವಳು ನೋಟ್‌ಬುಕ್ಕನ್ನೇ ನೋಡುತ್ತಾ ಕೂತಿದ್ದಳು, ಅದರಲ್ಲಿದ್ದದ್ದು ಬೇರೆಯವರ ಅಕ್ಷರವೇನೋ ಎಂಬಂತೆ. ಅವಳನ್ನು ಕೆಲಸದಿಂದ ತೆಗೆದರು. ನನಗೆ ಬರೀ ಎಚ್ಚರಿಕೆಯ ಕಾಗದ.

ಸಕ್ಕರೆ ಕಾಯಿಲೆಯವನ ಗಾಯ ಒಣಗುವುದಿಲ್ಲ ಎಂದು ನನಗೆ ಗೊತ್ತಿರಬೇಕಿತ್ತು. ಮೊದಲು ಬೆರಳು ಕೊಳೆತವು. ಆಮೇಲೆ ಮೊಣಕಾಲಿನ ಕೆಳಗೆ ಕತ್ತರಿಸಿದರು. ಅವನ ಭಾಮೈದಂದಿರು ಹೊಸಕೋಟೆಯ ತರಕಾರಿ ಮಾರುಕಟ್ಟೆಯಲ್ಲಿ, ಹಾಡಹಗಲಲ್ಲಿ, ನನ್ನನ್ನು ಟೊಮೇಟೊ ಕ್ರೇಟುಗಳ ಮೇಲೆ ಕೆಡವಿದರು. ಒಬ್ಬ ಎದೆಯ ಮೇಲೆ ಕೂತ. ಇನ್ನೊಬ್ಬ, "ಯಾವ್ ಕೈಲಾ ಹೊಡ್ದಿದ್ದು? ಇದಾ?" ಎಂದು ಕೇಳಿ, ಬಲಗೈಯನ್ನು ಕಲ್ಲಿನ ಮೇಲಿಟ್ಟು ತಕ್ಕಡಿಯ ತೂಕದ ಕಲ್ಲಿನಿಂದ ಜಜ್ಜಿದ. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ನಾನು ಯಾರ ಮೇಲೂ ದೂರು ಕೊಡಲಿಲ್ಲ.

ಕೈಗೆ ಕಟ್ಟಿದ್ದ ಪಟ್ಟಿ ಬಿಚ್ಚಿದ ಮೇಲೆ ಸಮೇತನಹಳ್ಳಿಗೆ ಹೋಗಿ ಅವನ ಉಳಿದಿದ್ದ ಒಂದು ಪಾದ ಮುಟ್ಟಿದೆ. ಅವನು ಗೋಡೆಗೊರಗಿ ಕೂತಿದ್ದ.

"ಬಿಡು ಮಾವ. ನಿನ್ ಕೈನೂ ಹೋಯ್ತು, ನನ್ ಕಾಲೂ ಹೋಯ್ತು. ಇಬ್ರೂ ಸೇರಿದ್ರೆ ಒಬ್ಬ ಮನುಷ್ಯ ಆಗ್ತೀವಿ" ಎಂದು ಮುಂದಿನ ಎರಡು ಹಲ್ಲಿಲ್ಲದ ಬಾಯಲ್ಲಿ ನಕ್ಕ. ಆಮೇಲೆ ಹೇಳಿದ: "ಆ ಹುಡ್ಗಿ ಬಂದಿದ್ಲು ಕಣ್ ಮಾವ. ನೀನ್ ಕೂತಿದ್ದೀಯಲ್ಲ, ಅಲ್ಲೇ ಕೂತ್ಕಂಡು ನನ್ನಿಂದಾನೇ ಹಿಂಗಾಯ್ತು ಅಂತ ಅತ್ಲು. ನಮ್ ಮಾವ ನಿಂಗೆ ಕಾರ್ಡಿನ್ ವಿಷ್ಯ ಹೇಳಿರ್ಲಿಲ್ವೇನಮ್ಮಾ ಅಂದೆ. ಹೇಳಿದ್ರೇನೋ ಅಣ್ಣ, ನಾನೇ ತಪ್ಪು ಬರ್ಕೊಂಡೆ ಅನ್ಸತ್ತೆ ಅಂದ್ಲು."

ನಾನು ಅವನ ಹೆಂಡತಿ ಕೊಟ್ಟ ಟೀ ಎಡಗೈಯಲ್ಲಿ ಹಿಡಿದು ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ.

ನಾನು ಮುರಿದ ದವಡೆ, ಹಲ್ಲು, ಕಾಲು ಎಲ್ಲಕ್ಕೂ ಒಡೆಯರಿದ್ದರು. ಹುಡುಕಿಕೊಂಡು ಹೋಗಿ ಕೇಳಿಕೊಂಡೆ. ಕೆಲವರು ಉಗಿದರು, ಕೆಲವರು ಊಟ ಹಾಕಿದರು. ಒಬ್ಬಳ ಬಳಿಗೆ ಮಾತ್ರ ಹೋಗಿಲ್ಲ. ಪ್ರಶ್ನೆ ಕೇಳಿ ಉತ್ತರ ಬರೆದುಕೊಳ್ಳುವುದೇ ಅವಳ ಕೆಲಸವಾಗಿತ್ತು. ಅವಳು ತನ್ನ ಕಿವಿಯನ್ನೂ ತನ್ನ ಅಕ್ಷರವನ್ನೂ ನಂಬದಂತೆ ಮಾಡಿದವನು ನಾನು. ಅದಕ್ಕೆ ಲಾಠಿಯೂ ಬೇಕಾಗಲಿಲ್ಲ. ನೀನು ತಪ್ಪು ಬರೆದುಕೊಳ್ಳಲಿಲ್ಲ ತಾಯಿ. ಆ ಸಾಲಿನ ಒಂದೊಂದು ಅಕ್ಷರವೂ ನನ್ನ ಬಾಯಿಂದ ಬಂದದ್ದು. ನಾನು ಇನ್ನೂ ಕೇಳದೆ ಉಳಿಸಿಕೊಂಡಿರುವ ಕ್ಷಮೆ ನಿನ್ನದು, ನನ್ನ ಕುರ್ಚಿಯ ಮೇಲೆ ಕೂತು ನನ್ನ ಮಾತನ್ನು ನಂಬಿದ ಆ ಡೇಟಾ ಸೈಂಟಿಸ್ಟ್ ಹುಡುಗಿಯದು.