ಅತ್ತೆ, ಅಳಿಯ, ಒಂದೇ ಸ್ನಾರ್ಕೆಲ್

ಬಂದರಿನವರೆಲ್ಲ ಅವನನ್ನು ಆಮೆ ಎಂದೇ ಕರೆಯುತ್ತಿದ್ದರು. ನಿಧಾನಸ್ಥನೆಂದಲ್ಲ; ನೆಲದ ಮೇಲೆ ಅವನಿಗೆ ಇರಲು ಬರುತ್ತಿರಲಿಲ್ಲ, ಅಷ್ಟೇ. ಹೊಸಿಲು ಎಡವುವುದು, ಮೇಜಿಗೆ ಮೊಣಕಾಲು ಬಡಿಸಿಕೊಳ್ಳುವುದು, ಕೂತ ಕುರ್ಚಿಯನ್ನು ಕೂತಂತೆಯೇ ಮುರಿಯುವುದು. ನೀರಿಗಿಳಿದನೋ, ಈಜುವುದು ಹೇಗೆಂದು ನೋಡಿ ಕಲಿಯಲು ಮೀನುಗಳೇ ಸಾಲುಗಟ್ಟಿ ನಿಲ್ಲುತ್ತಿದ್ದವು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಸ್ಕೂಬಾ ಕಲಿತವರನ್ನು ಕಡಲೊಳಗೆ ಕರೆದೊಯ್ದು ಸುತ್ತಾಡಿಸಿ ತರುವುದು ಅವನ ಕಸುಬು. ಸಿಲಿಂಡರಿಗೆ ಗಾಳಿ ತುಂಬುವವಳು ಹೆಂಡತಿ. ಜೆಟ್ಟಿಯ ಹಿಂದಿನ ತಗಡಿನ ಕೋಣೆಯಲ್ಲಿ ಅವಳ ಕಂಪ್ರೆಸರ್ ಹೊಡೆದುಕೊಳ್ಳುವ ಸದ್ದಿಗೆ ಪಕ್ಕದ ಬೀದಿಯ ಕಿವುಡರೂ ಕಿಟಕಿ ಮುಚ್ಚುತ್ತಿದ್ದರು. ಆ ಗದ್ದಲದಲ್ಲೇ ಕೂಗಾಡಿ ಅಭ್ಯಾಸವಾಗಿ, ಗಂಡ ಹೆಂಡತಿ ಮನೆಯೊಳಗೆ ಗುಟ್ಟು ಹೇಳಿಕೊಂಡರೂ ದೀಪಸ್ತಂಭದ ಕಾವಲುಗಾರನಿಗೆ ಕೇಳುತ್ತಿತ್ತು. ಅದೇ ಕೋಣೆಯ ಮೂಲೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು, ಹರಿದ ರಬ್ಬರ್ ಉಡುಪುಗಳಿಗೆ ತೇಪೆ ಹಾಕುತ್ತ ಕೂತಿರುತ್ತಿದ್ದವರು ಅವನ ಅತ್ತೆ.

ಆಮೆಗೆ ಈ ಜಗತ್ತಿನಲ್ಲಿ ಒಬ್ಬನೇ ವೈರಿ: ಸ್ನಾರ್ಕೆಲ್. ಬಾಗಿದ ಆ ಮೊಳದುದ್ದದ ಕೊಳವೆಯನ್ನು ಬಾಯಲ್ಲಿ ಕಚ್ಚಿ, ಮುಖ ನೀರಲ್ಲಿಟ್ಟು, ತುದಿಯನ್ನು ಮೇಲೆ ಬಿಟ್ಟು ಉಸಿರಾಡುವುದು ದಡದ ಹತ್ತಿರ ಆಡುವ ಮಕ್ಕಳಿಗೆ ಸರಿ. ಗಾಳಿಯನ್ನೇ ಬೆನ್ನ ಮೇಲೆ ಹೊತ್ತವನಿಗೆ ಅದೇಕೆ?

"ಬಿಂದಿಗೆ ತುಂಬ ನೀರು ಹೊತ್ಕೊಂಡು ಹೋಗೋನು ಜೊತೇಲಿ ಬಾವೀನೂ ಎಳ್ಕೊಂಡು ಹೋಗ್ತಾನೇನೇ?" ಎನ್ನುತ್ತಿದ್ದ ಹೆಂಡತಿಗೆ.

"ಬಿಂದಿಗೆ ಖಾಲಿ ಆದ್ರೆ?"

"ಖಾಲಿ ಆಗೋಕೆ ಬಿಡೋನು ಮುಳುಗೋಕೇ ಹೋಗಬಾರದು."

ಅವನ ಮಾತು ಬರೀ ಜಂಬದ್ದೂ ಅಲ್ಲ. ನೀರಿನ ಸೆಳೆತಕ್ಕೆ ಸಿಕ್ಕ ಕೊಳವೆ ಮಾಸ್ಕನ್ನು ಓರೆಗೆಳೆದು ಕಣ್ಣಿಗೆ ನೀರು ನುಗ್ಗಿಸುತ್ತದೆ. ಮುಳುಗಿದ ಹಡಗಿನೊಳಗೆ ಹೊಕ್ಕರೆ ಹಗ್ಗ, ತಂತಿ, ಹರಿದ ಬಲೆ ಎಲ್ಲದರ ನೆಂಟಸ್ತಿಕೆ ಮಾಡುತ್ತದೆ. ಹಾಗಾಗಿ ಅವನ ದೋಣಿಯಲ್ಲಿ ಒಂದು ಪದ್ಧತಿಯಿತ್ತು. ನೀರಿಗೆ ಹಾರುವ ಮುಂಚೆ ಆಮೆ ಎಲ್ಲರ ಮಾಸ್ಕಿನಿಂದ ಸ್ನಾರ್ಕೆಲ್ ಕಿತ್ತು, ಎಂಜಿನ್ ಪಕ್ಕದ ಪ್ಲಾಸ್ಟಿಕ್ ಪೆಟ್ಟಿಗೆಗೆ ಎಸೆಯುತ್ತಿದ್ದ. ಆಮೇಲೇ ಮುಂದಿನ ಮಾತು.

ಹೀಗಿರುವಾಗ ಅತ್ತೆ ಒಂದು ದಿನ ಸೂಜಿ ಕೆಳಗಿಟ್ಟರು. "ಇಷ್ಟು ವರ್ಷ ಈ ಬಟ್ಟೆ ಹೊಲಿದೆ. ಇದು ಹೋಗಿ ಬರೋ ಜಾಗ ನಾನೂ ಒಂದ್ಸಲ ನೋಡಬೇಡ್ವಾ?"

ಅತ್ತೆಗೆ "ಬಾಯಿ ಮುಚ್ಚಿ, ಉಸಿರು ಬಿಡಿ" ಎಂದು ಹೇಳುವ ಎದೆಗಾರಿಕೆ ಇರುವ ಅಳಿಯ ಇನ್ನೂ ಹುಟ್ಟಬೇಕಷ್ಟೆ. ಬೇರೊಬ್ಬ ತರಬೇತುದಾರ ಈಜುಕೊಳದಲ್ಲಿ ಕಲಿಸಿದ, ಅತ್ತೆ ಪಾಸಾದರು. ಕಡಲಿನ ಮೊದಲ ಮುಳುಗು ಮಾತ್ರ ಅಳಿಯನ ಪಾಲಿಗೇ ಬಂತು. ಜೆಟ್ಟಿಯ ಮೇಲೆ ಹೆಂಡತಿ ಗಂಡನ ಜಾಕೆಟ್ಟಿನ ಪಟ್ಟಿ ಬಿಗಿಯುತ್ತ ಹೇಳಿದಳು: "ನಮ್ಮಮ್ಮನ್ನ ಹೇಗೆ ಕರ್ಕೊಂಡು ಹೋಗ್ತೀರೋ ಹಾಗೇ ವಾಪಸ್ ತರಬೇಕು. ಒಂದು ಕೂದಲು ಕೊಂಕಿದ್ರೂ ನೀವು ಅಲ್ಲೇ ಮೀನಿನ ಜೊತೆ ಸಂಸಾರ ಮಾಡ್ಕೊಳ್ಳಿ."

ದೋಣಿ ಲಂಗರು ಹಾಕಿತು. ಅತ್ತೆಯ ಸ್ನಾರ್ಕೆಲ್ಲೂ ಪೆಟ್ಟಿಗೆ ಸೇರಿತು. ಇನ್ನೊಬ್ಬ ಮಾರ್ಗದರ್ಶಿ ತನ್ನ ತಂಡ ಕಟ್ಟಿಕೊಂಡು ದೋಣಿಯ ಅಡಿಗೇ ಇಳಿದ. ಇವರಿಬ್ಬರು ಹವಳದ ಅಂಚಿಗೆ ಹೊರಟರು.

ಅಂಚಿನಲ್ಲಿ ಅತ್ತೆ ಕಂಡಕಂಡದ್ದಕ್ಕೆಲ್ಲ ಬೆರಗಾದರು. ಬೆರಗಿಗೆ ಗಾಳಿ ಬೇಕು. ಒಂದು ಹಳದಿ ಮೀನಿಗೆ ಒಂದು "ಅಬ್ಬಾ", ಒಂದು ನಕ್ಷತ್ರಮೀನಿಗೆ ಎರಡು. ಊರಿಗೆಲ್ಲ ಸಾಲುವಷ್ಟಿದ್ದ ಸಿಲಿಂಡರನ್ನು ಅವರು ಎಳನೀರಿನಂತೆ ಹೀರಿ ಮುಗಿಸಿದರು. ಆಮೆ ತನ್ನ ಸಿಲಿಂಡರಿನ ಎರಡನೆಯ ಬಾಯಿಕೊಳವೆಯನ್ನು ಅವರಿಗೆ ಕೊಟ್ಟ. ಒಂದರ ಗಾಳಿಯಲ್ಲಿ ಇಬ್ಬರು ಮೆಲ್ಲಗೆ ಮೇಲೇರುವಾಗ ಸೆಳೆತ ಕೈಹಾಕಿತು. ತಲೆ ನೀರಿನಿಂದ ಹೊರಬಂದಾಗ ಆ ಸಿಲಿಂಡರಿನಲ್ಲೂ ಉಸಿರಿರಲಿಲ್ಲ. ದೋಣಿ ದೂರದಲ್ಲಿ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು.

ದೋಣಿಯವನು ಇವರನ್ನು ಕಂಡ, ಎರಡೂ ಕೈ ಎತ್ತಿದ, ಆದರೆ ಕದಲಲಿಲ್ಲ. ಅಡಿಯಿಂದ ಇನ್ನೊಂದು ತಂಡದ ಗುಳ್ಳೆಗಳು ಏಳುತ್ತಿದ್ದವು. ಕೆಳಗೆ ಜನರಿರುವಾಗ ಎಂಜಿನ್ ತಿರುಗಿಸಕೂಡದು. ತಿರುಗಿಸಿದರೆ ಚರ್ಮ ಸುಲಿಯುತ್ತೇನೆಂದು ಹೇಳಿಟ್ಟವನು ಆಮೆಯೇ.

ಇಬ್ಬರೂ ಜಾಕೆಟ್ಟಿಗೆ ಬಾಯಿಂದ ಗಾಳಿ ಊದಿದರು. ತೇಲುವುದಕ್ಕೇನೋ ಅದು ಸಾಕು. ಆದರೆ ಹಿಂದೆ ಕಪ್ಪು ಬಂಡೆ, ಅದರ ಮೇಲೆ ಚೂರಿಯಂಥ ಚಿಪ್ಪುಗಳು, ಸೆಳೆತ ಸೀದಾ ಅತ್ತಲೇ. ಅಡ್ಡಕ್ಕೆ ಈಜಿ ತಪ್ಪಿಸಿಕೊಳ್ಳಬೇಕು. ತಲೆ ಎತ್ತಿದರೆ ಅಲೆ ಕಪಾಳಕ್ಕೆ ಬಾರಿಸುತ್ತಿತ್ತು. ಬಾಯಿ ತೆರೆದರೆ ಉಪ್ಪುನೀರು. ಅತ್ತೆ ಕೆಮ್ಮಿದರು, ಮತ್ತೆ ಕೆಮ್ಮಿದರು.

ಅತ್ತೆ ತೊಡೆಯ ಮೇಲಿನ ಜೇಬಿಗೆ ಕೈಹಾಕಿ, ಮಡಿಚಿಟ್ಟಿದ್ದ ರಬ್ಬರ್ ಸ್ನಾರ್ಕೆಲ್ ಒಂದನ್ನು ಹೊರತೆಗೆದರು.

"ಪೆಟ್ಟಿಗೆಗೆ ಹಾಕಿದ್ನಲ್ಲ ಅತ್ತೆ!"

"ಅದು ನಿಮಗೆ ತೋರ್ಸೋಕೆ. ಇದು ನನಗೆ."

ಅದನ್ನು ಕಚ್ಚಿಕೊಂಡು ಮುಖ ನೀರಲ್ಲಿಟ್ಟ ಮೇಲೆ ಅತ್ತೆಯ ಉಸಿರು ಹಾದಿಗೆ ಬಂತು. ಆಮೆ ಅಂಗಾತ ಮಲಗಿ ಅವರನ್ನು ಎಳೆಯತೊಡಗಿದ. ಅಲೆಗಳು ಹಿಂದಿನಿಂದ ಬಂದು ಅವನ ಮುಖದ ಮೇಲೆಯೇ ಒಡೆದವು. ಕೆಮ್ಮು ಹತ್ತಿತು, ಕಾಲು ಸೋತಿತು, ಬಂಡೆಯ ಮೊರೆತ ಹತ್ತಿರವಾಯಿತು. ಅತ್ತೆ ಮುಖ ಎತ್ತಿ ನೋಡಿ, ಕೊಳವೆಯನ್ನು ಬಾಯಿಂದ ಕಿತ್ತು ಅವನ ಮುಂದೆ ಹಿಡಿದರು.

"ಬೇಡ ಅತ್ತೆ, ನಿಮಗೆ..."

"ಎಳೆಯೋ ಎತ್ತಿಗೆ ಉಸಿರು ಬೇಕೋ, ಗಾಡಿಗೆ ಬೇಕೋ? ಕಚ್ಕೊಳೋ!"

ಮದುವೆಯಾದಂದಿನಿಂದ ಅಳಿಯನಿಗೆ ಬಹುವಚನ ತಪ್ಪಿಸದ ಹೆಂಗಸು. ಆಮೆ ಎಂಜಲು ಗಿಂಜಲು ಎನ್ನದೆ ಕಚ್ಚಿಕೊಂಡ. ಅತ್ತೆ ಅಲೆ ಬಡಿಯದಂತೆ ಅವನ ಮರೆಯಲ್ಲಿ ಅಂಗಾತ ತೇಲುತ್ತ ಅವನ ಸಿಲಿಂಡರಿನ ಕುತ್ತಿಗೆ ಹಿಡಿದರು. ಮುಖ ನೀರಲ್ಲಿಟ್ಟು ಅವನು ಒದ್ದ. ಹತ್ತು ಕುದುರೆ ಕಟ್ಟಿದ ಹಾಗೆ ಒದ್ದ. ಬಂಡೆ ಪಕ್ಕಕ್ಕೆ ಸರಿಯಿತು, ಹಿಂದೆ ಬಿತ್ತು, ಮೊರೆತ ತೆಳುವಾಯಿತು. ಆಮೇಲೂ ಕಾಲು ನಿಲ್ಲಿಸಲು ಅವನಿಗೆ ಧೈರ್ಯವಾಗಲಿಲ್ಲ.

ನಿಲ್ಲಿಸಿದ್ದು ಬೇರೆ ಕಾರಣಕ್ಕೆ.

ಕೆಳಗಿನ ನೀಲಿ ಕಪ್ಪಾಯಿತು. ಮೋಡ ಬಂತೆಂದುಕೊಂಡ. ಮೋಡಕ್ಕೆ ಬಿಳಿ ಚುಕ್ಕೆಗಳಿದ್ದವು. ತಿಮಿಂಗಿಲದಷ್ಟು ಬೆಳೆಯುವ ಚುಕ್ಕೆ ಶಾರ್ಕ್ ಎಂಬುದಿದೆಯೆಂದು ಕೇಳಿದ್ದ, ಕಂಡಿರಲಿಲ್ಲ. ಈಗ ಅದು ಅವನ ಹೊಟ್ಟೆಯ ಕೆಳಗೇ ಹಾದುಹೋಗುತ್ತಿತ್ತು, ಒಂದು ಇಡೀ ಬೀದಿ ತನ್ನ ದೀಪಗಳ ಸಮೇತ ಎದ್ದು ಹೊರಟಂತೆ. ತಲೆ ದಾಟಿ ಬಾಲ ಬರುವಷ್ಟರಲ್ಲಿ ಮನುಷ್ಯನೊಬ್ಬ ಊಟ ಮುಗಿಸಿ, ಕೈ ತೊಳೆದು, ಒಂದು ನಿದ್ದೆಯನ್ನೂ ತೆಗೆಯಬಹುದಿತ್ತು. ಅವಸರವಿಲ್ಲ, ಕೋಪವಿಲ್ಲ. ಬಾಗಿಲಿನಷ್ಟು ಬಾಯಿ ತೆರೆದು ನೀರನ್ನು ಸೋಸಿಕೊಳ್ಳುತ್ತ ಅದು ಮೆಲ್ಲಗೆ ತಿರುಗಿ ಮತ್ತೆ ಬಂತು. ಗುಂಡಿಯಂಥ ಪುಟ್ಟ ಕಣ್ಣೊಂದು ಅವನನ್ನು ನೋಡಿತು. ನೋಡಿ, ಪರವಾಗಿಲ್ಲ ಎಂಬಂತೆ ಮುಂದೆ ಸಾಗಿತು.

ಇಷ್ಟು ವರ್ಷ ಆಮೆ ಕುದಿಯುವ ಹಂಡೆಯ ಹಾಗೆ ಗುಳ್ಳೆ ಬಿಡುತ್ತ ಕಡಲಲ್ಲಿ ಓಡಾಡಿದ್ದ. ಈಗ ಗುಳ್ಳೆಯಿರಲಿಲ್ಲ. ಕೊಳವೆಯೊಳಗೆ ತನ್ನ ಉಸಿರು ಹೋಗಿ ಬರುವ ಸದ್ದು, ಅದರಾಚೆಗೆ ಬರೀ ಕಡಲು. ಇಷ್ಟು ದೊಡ್ಡದು ಇಷ್ಟು ಸದ್ದಿಲ್ಲದೆ ಇರಬಲ್ಲದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅತ್ತೆ ಅವನ ಬೆನ್ನು ಗುದ್ದಿದರು. "ಯಾಕೆ ನಿಂತ್ರಿ? ಶಾರ್ಕಾ?"

ಆಮೆ ತಲೆಯೆತ್ತಿದ. "ಹೂಂ."

"ಹೂಂ ಅಂದ್ರೆ?"

"ಏನೂ ಮಾಡಲ್ಲ ಅತ್ತೆ. ನೋಡಿ." ಕೊಳವೆಯನ್ನು ಅವರ ಕೈಗಿಟ್ಟ.

ಅತ್ತೆ ಮುಖ ನೀರಲ್ಲಿಟ್ಟರು. ಒಂದು "ಅಬ್ಬಾ" ಕೂಡ ಬರಲಿಲ್ಲ.

ಅಷ್ಟರಲ್ಲಿ ಇನ್ನೊಂದು ತಂಡ ದೋಣಿ ಹತ್ತಿತ್ತು. ದೋಣಿಯವನು ಬಂದವನೇ, ನೀರೊಳಗಿನ ನೆರಳು ಕಂಡು ದೂರದಲ್ಲೇ ಎಂಜಿನ್ ಆರಿಸಿ ತೇಲುತ್ತ ಹತ್ತಿರವಾದ. ಏಣಿ ಇಳಿಸಿದವನು ಮುಖ ಕೆಳಗಾಗಿ ತೇಲುತ್ತಿದ್ದ ಅತ್ತೆಯನ್ನು ನೋಡಿ ಬಿಳಿಚಿಕೊಂಡ.

"ಅಯ್ಯೋ, ಅಜ್ಜಿ ಅಲ್ಲಾಡ್ತಾನೇ ಇಲ್ವಲ್ಲೋ! ಜೀವ ಇದೆಯಾ?"

"ಇದೆ. ಬಿಡುವಿಲ್ಲ."

ಆಮೆ ಅತ್ತೆಯ ಭುಜ ಮುಟ್ಟಿದ. "ಹತ್ತಿ ಅತ್ತೆ, ನಿಮ್ಮ ಮಗಳು ಕಾಯ್ತಿರ್ತಾಳೆ."

ಕೊಳವೆಯ ತುದಿಯಿಂದ ಒಂದು ಉಸಿರು ಮಾತ್ರ ಬಂತು. ಒಂದು ಕೈ ಮೇಲೆದ್ದು, ನೊಣ ಓಡಿಸುವಂತೆ ಅವನನ್ನು ಆಚೆ ತಳ್ಳಿ, ಮತ್ತೆ ನೀರಿಗಿಳಿಯಿತು. ಆಮೆ ಒಂದು ಕೈಯಲ್ಲಿ ಏಣಿಯನ್ನೂ ಇನ್ನೊಂದರಲ್ಲಿ ಅತ್ತೆಯ ಜಾಕೆಟ್ಟನ್ನೂ ಬಿಗಿಯಾಗಿ ಹಿಡಿದ. ಎದೆ ತುಂಬ ಗಾಳಿ ತುಂಬಿಕೊಂಡು, ಅವರ ಪಕ್ಕದಲ್ಲಿ ತಾನೂ ಮುಖ ಮುಳುಗಿಸಿದ.